ಪೈಪ್ ಹಿಡಿಯಲು ಒಬ್ಬರು

ಎದುರು ಮನೆಯ ವೃಷಭೇಂದ್ರಪ್ಪನವರು ಪೆಟ್ರೋಲ್ ಬಂಕ್ ತೆಗೆದಿದ್ದಾರೆ ಎಂಬ ಸುದ್ದಿಯನ್ನು ಊರಿಗೆಲ್ಲ ಹಬ್ಬಿಸಿದವನು ನಾನು ಎಂದು ಈಗಲೂ ಕೆಲವರು ಹೇಳಿಕೊಂಡು ತಿರುಗುತ್ತಾರೆ. ಶುದ್ಧ ಸುಳ್ಳು. ನಾನು ಹೇಳಿದ್ದು ಒಬ್ಬನಿಗೆ ಮಾತ್ರ. ಆ ಒಬ್ಬ ಎನ್.ಆರ್. ಪುರಕ್ಕೂ ಕೊಪ್ಪಕ್ಕೂ ದಿನಕ್ಕೆ ಆರು ಟ್ರಿಪ್ ಹೊಡೆಯುವ ಜೀಪಿನ ಡ್ರೈವರ್ ಆಗಿದ್ದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ನನ್ನ ಹೆಸರು ಸುಬ್ಬಯ್ಯ. ಎನ್.ಆರ್. ಪುರ ದಾಟಿ ಕೊಪ್ಪದ ರಸ್ತೆಯಲ್ಲಿ ಸ್ವಲ್ಪ ದೂರ ಬಂದರೆ ಒಂದು ತಿರುವು ಸಿಗುತ್ತದೆ. ತಿರುವಿನ ಎಡಕ್ಕೆ ನನ್ನ ಕಿರಾಣಿ ಅಂಗಡಿ, ಬಲಕ್ಕೆ ಅವರ ಮನೆ. ನಡುವೆ ಇರುವುದು ಹದಿನೆಂಟು ಅಡಿ ಟಾರು ರಸ್ತೆ, ಅಷ್ಟೇ. ಅಂಗಡಿಯಲ್ಲಿ ಅಕ್ಕಿ, ಬೆಲ್ಲ, ಹೊಗೆಸೊಪ್ಪು, ಒಂದು ರೂಪಾಯಿ ಕಾಯಿನ್ ಹಾಕುವ ಫೋನು. ಕೇಳಿದವರಿಗೆ ಮಾತ್ರ, ಅಕ್ಕಿ ಮೂಟೆಯ ಹಿಂದಿನಿಂದ, ಬಾಟಲಿಯಲ್ಲಿ ಪೆಟ್ರೋಲು. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವೃಷಭೇಂದ್ರಪ್ಪನವರು ಮೂವತ್ತೊಂದು ವರ್ಷ ಮೀಟರ್ ರೀಡರ್ ಆಗಿದ್ದವರು. ತಾಲ್ಲೂಕಿನಲ್ಲಿ ಕರೆಂಟ್ ಇದ್ದ ಮನೆಗಳಲ್ಲಿ ಅವರು ಕಾಲಿಡದ ಮನೆ ಇಲ್ಲ, ಕಾಫಿ ಕುಡಿಯದ ಜಗಲಿ ಇಲ್ಲ. ಮನೆಯವರು ಇಲ್ಲದಿದ್ದರೆ ಪುಸ್ತಕದ ಷರಾ ಕಾಲಮ್ಮಿನಲ್ಲಿ 'ಡೋರ್ ಲಾಕ್' ಎಂದು ಬರೆದು ಮುಂದಿನ ಮನೆಗೆ ಹೋಗುತ್ತಿದ್ದರು. ಬಾಗಿಲು ತೆಗೆದಿದ್ದರೂ ನಾಯಿ ಬಿಟ್ಟಿದ್ದರೆ, ಅತ್ತೆ ಸೊಸೆ ಜಗಳ ನಡೆದಿದ್ದರೆ, ಅದಕ್ಕೂ 'ಡೋರ್ ಲಾಕ್' ಎಂದೇ ಬರೆಯುತ್ತಿದ್ದರು. ಮೀಟರ್ ನೋಡಲಿಕ್ಕೆ ಆಗಲಿಲ್ಲ ಅಂದರೆ ಬಾಗಿಲು ಮುಚ್ಚಿದ ಹಾಗೇ ಲೆಕ್ಕ ಎಂದು ಅವರ ವಾದ.

ಹೀಗೆ ಎಲ್ಲರ ಮನೆಗೂ ಹೋದ ಮನುಷ್ಯನ ಮನೆಗೆ ಯಾರೂ ಹೋಗುವ ಪ್ರಮೇಯ ಬಂದಿರಲಿಲ್ಲ. ಹೆಂಡತಿ ಸರ್ವಮಂಗಳಮ್ಮ ಇದ್ದಾಗ ಹೂವಿಗೆ, ಹೆಪ್ಪಿಗೆ ಎಂದು ಹೆಂಗಸರಾದರೂ ಬರುತ್ತಿದ್ದರು. ಅವರು ತೀರಿಕೊಂಡರು. ಮಕ್ಕಳಿಲ್ಲ. ಮರುವರ್ಷ ಇವರಿಗೆ ರಿಟೈರ್‌ಮೆಂಟು. ಆಮೇಲೆ ಆ ಮನೆಯ ಗೇಟಿನ ಚಿಲಕ ತೆಗೆಯುವವರು, ಹಾಕುವವರು ಅವರೊಬ್ಬರೇ.

ದಿನಾ ಬೆಳಗ್ಗೆ ನನ್ನ ಅಂಗಡಿಗೆ ಬಂದು ಒಂದು ಬೆಂಕಿಪೊಟ್ಟಣ ತೆಗೆದುಕೊಳ್ಳುತ್ತಿದ್ದರು. ಬೀಡಿ ಸಿಗರೇಟು ಸೇದುವವರಲ್ಲ. ಒಂದು ಬೆಂಕಿಪೊಟ್ಟಣಕ್ಕೆ ಅರ್ಧ ಗಂಟೆ ಮಾತು. ನನಗೋ ವ್ಯಾಪಾರದ ಹೊತ್ತು, ತಕ್ಕಡಿ ಮುಳ್ಳು ನೋಡುತ್ತ ಹೂಂ ಹೂಂ ಅನ್ನುತ್ತಿದ್ದೆ. ಒಬ್ಬನೇ ಇರುವ ಮನುಷ್ಯನಿಗೆ ಇಷ್ಟು ಬೆಂಕಿಪೊಟ್ಟಣ ಯಾಕೆ ಎಂದು ನನಗೆ ಹೊಳೆದಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿ, ಬೇಸಿಗೆ. ಶೃಂಗೇರಿಯಲ್ಲಿ ಯಾರದೋ ಮದುವೆಗೆ ಹೋದವರು ಮಾರನೇ ದಿನ ಲಗೇಜ್ ಆಟೋದಲ್ಲಿ ಒಂದು ಕಬ್ಬಿಣದ ಹೆಣ ಹೇರಿಕೊಂಡು ಬಂದರು. ಆಳೆತ್ತರ, ಮೈಯೆಲ್ಲ ತುಕ್ಕು, ಒಂದು ಪಕ್ಕದಲ್ಲಿ ಉದ್ದನೆ ಹಿಡಿ, ಇನ್ನೊಂದು ಪಕ್ಕದಲ್ಲಿ ಪೈಪು ಸಿಕ್ಕಿಸುವ ನಲ್ಲಿ. ಮುಚ್ಚಿಹೋದ ಒಂದು ಬಸ್ ಕಂಪನಿಯ ಶೆಡ್ಡಿನ ಹಿಂದೆ ಬಿದ್ದಿತ್ತಂತೆ. ಹಳೇ ಕಾಲದ ಕೈ ಪೆಟ್ರೋಲ್ ಪಂಪು. ಹಿಡಿ ಹೊಡೆದರೆ ನೆಲದೊಳಗಿನ ಟ್ಯಾಂಕಿನಿಂದ ಪೆಟ್ರೋಲು ಮೇಲಿನ ಗಾಜಿನ ಕೊಳವೆಗೆ ಏರುತ್ತದೆ, ಗಿರಾಕಿ ಕಣ್ಣಾರೆ ಅಳತೆ ನೋಡುತ್ತಾನೆ, ಆಮೇಲೆ ನಲ್ಲಿ ತಿರುಗಿಸಿ ಪೈಪಿನಿಂದ ಬಿಡುತ್ತಾರೆ. ಸಣ್ಣವರಿದ್ದಾಗ ಬಾಳೆಹೊನ್ನೂರಿನಲ್ಲಿ ಗಾಜಿನೊಳಗೆ ಕೆಂಪು ಪೆಟ್ರೋಲು ಏರುವುದನ್ನು ನೋಡಲು ಜನ ಸೇರುತ್ತಿದ್ದರು ಎಂದು ಹೇಳಿದರು. ಇದನ್ನು ಮತ್ತೆ ನಡೆಯುವ ಹಾಗೆ ಮಾಡುತ್ತೇನೆ, ಹವ್ಯಾಸಕ್ಕೆ ಎಂದೂ ಹೇಳಿದರು. ನಾನು ಹೂಂ ಎಂದೆ.

ಐದು ತಿಂಗಳು ಬಿಡದೆ ಕೆಲಸ ಮಾಡಿದರು. ಸೀಮೆಎಣ್ಣೆ ಹಾಕಿ ತೆಂಗಿನ ನಾರಿನಿಂದ ತಿಕ್ಕಿ ತುಕ್ಕು ತೆಗೆದರು. ಕೆಂಪು ಬಣ್ಣ ಹೊಡೆದರು. ಗುಜರಿಯಲ್ಲಿ ಸಿಕ್ಕಿದ ಹಳೆಯ ದೀಪದ ಬುರುಡೆಯನ್ನು ನೆತ್ತಿಯ ಮೇಲೆ ಕೂರಿಸಿ ವೈರ್ ಎಳೆದರು. ಗಾಜಿನ ಕೊಳವೆ ಮಾತ್ರ ಶಿವಮೊಗ್ಗದಿಂದ ಬರಬೇಕಾಯಿತು. ಬಸ್ಸಿನಲ್ಲಿ ಅದನ್ನು ಟವೆಲ್ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದಿದ್ದಾರೆ. ಕಂಡಕ್ಟರ್ ಅರ್ಧ ಟಿಕೆಟ್ ಹರಿದನಂತೆ. ಲಗೇಜಿಗೋ, ಕೂಸಿಗೋ ಎಂದು ಇವರು ಕೇಳಿದರೆ, ಅಷ್ಟು ಮುದ್ದು ಮಾಡ್ತಾ ಕೂತಿದೀರಲ್ಲ, ನೀವೇ ಹೇಳಿ ಎಂದನಂತೆ.

ಆಮೇಲೆ ಅಂಗಳದಲ್ಲಿ ಹೊಂಡ ತೋಡಿಸಿ, ಬೂದಿ ಹಾಕಿ ಮೂರು ಸಲ ತೊಳೆದ ಡ್ರಮ್ಮು ಹೂಳಿದರು. ಅದರ ತುಂಬ ನೀರು. ಪೆಟ್ರೋಲಿನ ಹಾಗೆ ಕಾಣಲಿ ಎಂದು ನೀರಿಗೆ ಮುರುಗಲ ಸಿಪ್ಪೆ ಹಾಕಿ ಕೆಂಪು ಮಾಡಿದರು. ನಾವು ಬೇಸಿಗೆಯಲ್ಲಿ ಶರಬತ್ತು ಮಾಡಿ ಕುಡಿಯುವ ಅದೇ ಮುರುಗಲು. ಕೊನೆಗೆ ಪಂಪಿನ ಪಕ್ಕೆಗೆ, ಮನೆ ಮೀಟರಿಗೆ ತೂಗುಹಾಕುವಂಥ ಒಂದು ಹಳದಿ ಕಾರ್ಡು. ದಿನಾಂಕ, ರೀಡಿಂಗ್, ಷರಾ, ಸಹಿ ಎಂದು ಗೆರೆ ಹೊಡೆದ ಕಾರ್ಡು.

ಎಲ್ಲ ತಯಾರಾದ ಮೇಲೆ ಒಂದು ತೊಡಕು ಬಂತು. ಒಳಗಿನ ಚರ್ಮದ ವಾಷರ್ ಹಳೆಯದು. ಹಿಡಿ ಹೊಡೆಯುವುದನ್ನು ನಿಲ್ಲಿಸಿದರೆ ಗಾಜಿನಲ್ಲಿ ಏರಿದ ನೀರು ಸರಸರ ಕೆಳಗಿಳಿಯುತ್ತದೆ. ಹಿಡಿ ಈ ಪಕ್ಕ, ನಲ್ಲಿ ಆ ಪಕ್ಕ, ಕೈ ನಿಲುಕುವುದಿಲ್ಲ. ಒಬ್ಬರು ಹಿಡಿ ಹೊಡೆಯುತ್ತಲೇ ಇರಬೇಕು, ಇನ್ನೊಬ್ಬರು ಆ ಕಡೆ ನಿಂತು ನಲ್ಲಿ ತಿರುಗಿಸಿ ಪೈಪ್ ಹಿಡಿಯಬೇಕು.

ಬೆಂಕಿಪೊಟ್ಟಣ ತೆಗೆದುಕೊಂಡು ಅವರು ಕೇಳಿದರು. "ಸುಬ್ಬಯ್ಯನೋರೆ, ಒಂದೈದು ನಿಮಿಷ ಬಂದು ಪೈಪ್ ಹಿಡೀತೀರಾ?"

ನಾಳೆ ಬರುತ್ತೇನೆ ಎಂದೆ. ಮಾರನೇ ದಿನವೂ ಕೇಳಿದರು, ಮಾರನೇ ದಿನವೂ ನಾಳೆ ಎಂದೆ. ಒಂದು ದಿನ ರೇಗಿ, ಯಾರಾದರೂ ಆಳಿಗೆ ಕೂಲಿ ಕೊಟ್ಟು ಹಿಡಿಸಿ ಮಾರಾಯ್ರೆ ಎಂದುಬಿಟ್ಟೆ. ಅದು ಕೂಲಿ ಕೊಟ್ಟು ಹಿಡಿಸೋದಲ್ಲ ಎಂದು ಅವರು ಮೆಲ್ಲಗೆ ಹೇಳಿ ರಸ್ತೆ ದಾಟಿದರು. ಎಂತದು ಇವರ ದೊಡ್ಡಸ್ತಿಕೆ ಎಂದು ನನಗೆ ಸಿಟ್ಟೇ ಬಂತು.

ಅಷ್ಟರಲ್ಲಿ ಆಯುಧಪೂಜೆ. ನಮ್ಮಲ್ಲಿ ಆ ದಿನ ಕತ್ತಿ, ಗುದ್ದಲಿ, ಸ್ಕೂಟರು, ಮಿಕ್ಸಿ, ಗ್ರೈಂಡರು ಯಾವುದನ್ನೂ ಬಿಡುವುದಿಲ್ಲ. ವೃಷಭೇಂದ್ರಪ್ಪನವರ ಹತ್ತಿರ ಇದ್ದ ಯಂತ್ರ ಇದೊಂದೇ. ಮುಂಜಾನೆಯೇ ಮಿಂದು, ಪಂಪಿಗೆ ವಿಭೂತಿಯ ಮೂರು ಪಟ್ಟೆ ಎಳೆದು, ಸೇವಂತಿಗೆ ಮಾಲೆ ಹಾಕಿ, ಬುಡಕ್ಕೆ ನಿಂಬೆಹಣ್ಣಿಟ್ಟು, ನೆತ್ತಿಯ ದೀಪ ಹೊತ್ತಿಸಿದರು. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ತಂದು ರಸ್ತೆಯ ಮೇಲೇ ಒಡೆದರು.

ಈಗ ನೀವೇ ಹೇಳಿ. ಬಣ್ಣ ಹೊಡೆದ ಪೆಟ್ರೋಲ್ ಪಂಪು, ಮೇಲೆ ದೀಪ, ಕೆಳಗೆ ಟ್ಯಾಂಕು, ಎದುರು ರಸ್ತೆಯಲ್ಲಿ ಕುಂಬಳಕಾಯಿ. ಇದನ್ನು ಓಪನಿಂಗ್ ಅನ್ನದೆ ಇನ್ನೇನು ಅನ್ನಬೇಕು? ವ್ಯಾಪಾರ ಇಲ್ಲದ ಯಂತ್ರಕ್ಕೆ ಯಾವ ಬುದ್ಧಿವಂತ ಕುಂಬಳಕಾಯಿ ದಂಡ ಮಾಡುತ್ತಾನೆ? ಆ ಹೊತ್ತಿಗೆ ಜೀಪಿನ ಡ್ರೈವರ್ ಬೀಡಿಗೆ ನಿಲ್ಲಿಸಿದ. ನಾನು ಹೇಳಿದ್ದು ಇಷ್ಟೇ: "ಬಂಕ್ ಶುರು ಆದಂಗೆ ಕಾಣ್ತದೆ."

ಮಧ್ಯಾಹ್ನದ ಹೊತ್ತಿಗೆ ಕೊಪ್ಪದಲ್ಲಿ, ಎನ್.ಆರ್. ಪುರದ ಕಡೆಯವರಿಗೆ ಡೀಲರ್‌ಶಿಪ್ ಆಯಿತಂತೆ ಎಂದು ಮಾತಾಗಿತ್ತು. ಸಂಜೆಯ ಹೊತ್ತಿಗೆ ಡೀಸೆಲ್ಲೂ ಸೇರಿಕೊಂಡಿತ್ತು.

ಮೊದಲು ಬಂದವರು ಹಿಂದಿನ ಬೀದಿಯ ವೀರಮ್ಮ. ಮನೆಮನೆಗೆ ರೊಟ್ಟಿ, ಚಟ್ನಿಪುಡಿ ಮಾಡಿ ಕೊಡುವ ಹೆಂಗಸು. ಬಂಕ್ ಅಂದ ಮೇಲೆ ಕ್ಯಾಂಟೀನ್ ಬೇಕೇ ಬೇಕು, ಅದು ನನಗೇ ಇರಲಿ ಎಂದು ಒಂದು ಡಬ್ಬಿ ಚಟ್ನಿಪುಡಿ ಇಟ್ಟರು. ವೃಷಭೇಂದ್ರಪ್ಪನವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಇದು ವ್ಯಾಪಾರಕ್ಕಲ್ಲ, ಹವ್ಯಾಸಕ್ಕೆ ಎಂದು. ವೀರಮ್ಮ ನಕ್ಕು, ಲೈಸೆನ್ಸ್ ಬರೋ ತನಕ ಹಂಗೇ ಹೇಳ್ಬೇಕು ಬಿಡಿ ಎಂದು ಕಣ್ಣು ಮಿಟುಕಿಸಿ ಹೋದರು. ಈ ಮನುಷ್ಯ ಎಷ್ಟು ಗುಟ್ಟಿನವರು ನೋಡಿ ಎಂದು ನನ್ನ ಅಂಗಡಿಯಲ್ಲಿ ಹೊಗಳಿದರು. ಅವರು ನಿಜ ಹೇಳಿದಷ್ಟೂ ಜನಕ್ಕೆ ಅವರ ವ್ಯವಹಾರ ಬುದ್ಧಿಯ ಮೇಲೆ ಗೌರವ ಹೆಚ್ಚಾಯಿತು.

ಪಂಚಾಯಿತಿ ಮೆಂಬರ್ ಭೈರಪ್ಪ ಬಂದರು. ಇನ್ನೂ ಟೇಪ್ ಕತ್ತರಿಸಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕತ್ತರಿ ನಾನೇ ತರುತ್ತೇನೆ ಎಂದು ಭರವಸೆ ಕೊಟ್ಟರು. ಬಾಳೆಹೊನ್ನೂರಿನಿಂದ ಭಾವಮೈದ ಸೋಮನಾಥ್ ಬಂದ. ಅಕ್ಕನ ವರ್ಷದ ತಿಥಿಗೂ ಬಿಡುವಾಗದೆ ಇದ್ದವನು ಈಗ ಬಟ್ಟೆಬರೆಯ ಬ್ಯಾಗು, ಎರಡು ಕೆಜಿ ಬೂಂದಿ ಸಮೇತ ಬಂದು, ಭಾವ ಒಬ್ಬರೇ ಇರುವುದನ್ನು ನೆನೆಸಿಕೊಂಡರೆ ಊಟ ಸೇರುವುದಿಲ್ಲ ಎಂದು ಹೇಳಿ ಎರಡು ಸಲ ಬಡಿಸಿಕೊಂಡು ಉಂಡ. ಪಾರ್ಟ್ನರ್ ಆಗಿ ಒಬ್ಬ ಮನೆಯವನು ಇರಬೇಕು ಎಂಬುದು ಅವನ ಅಭಿಪ್ರಾಯ. ಇನ್ನು ಮ್ಯಾನೇಜರ್ ಕೆಲಸಕ್ಕೆ ಬಂದವರು ಒಂಬತ್ತು ಜನ, ಕ್ಯಾಷಿಯರ್ ಕೆಲಸಕ್ಕೆ ಹನ್ನೊಂದು ಜನ.

ವೃಷಭೇಂದ್ರಪ್ಪನವರು ಎರಡು ದಿನ ನಿಜ ಹೇಳಿದರು. ಮೂರನೇ ದಿನದಿಂದ ಹೇಳುವುದು ಬಿಟ್ಟರು. ಕಾಲು ಲೀಟರ್ ಹಾಲು ತರಿಸುತ್ತಿದ್ದವರು ಎರಡು ಲೀಟರ್ ತರಿಸತೊಡಗಿದರು. ಜಗಲಿಯಲ್ಲಿ ಚಾಪೆ ಹಾಸಿದರು. ಅವರು ಲೋಟ ಹಿಡಿದು ಒಳಗೂ ಹೊರಗೂ ಓಡಾಡುವುದು ಅಂಗಡಿಯಿಂದ ಕಾಣುತ್ತಿತ್ತು. ಅವರು ನಗುವುದನ್ನು ನಾನು ವರ್ಷಗಳ ಮೇಲೆ ನೋಡಿದೆ. ಬೆಂಕಿಪೊಟ್ಟಣಕ್ಕೆ ಬರುವುದೂ ನಿಂತಿತು.

ಬಂದವರಿಗೆಲ್ಲ ಕಾಫಿ ಕೊಟ್ಟ ಮೇಲೆ ಒಂದೇ ಮಾತು ಕೇಳುತ್ತಿದ್ದರಂತೆ, ಸ್ವಲ್ಪ ಆ ಪೈಪ್ ಹಿಡೀತೀರಾ ಎಂದು. ಯಾರೂ ಹಿಡಿಯಲಿಲ್ಲ. ಮ್ಯಾನೇಜರ್ ಆಗಲು ಬಂದವನು ಪೈಪ್ ಹಿಡಿದರೆ ಪೈಪ್ ಕೆಲಸಕ್ಕೇ ಇಟ್ಟುಕೊಂಡಾರು ಎಂಬ ಭಯ. ಭೈರಪ್ಪ, ಉದ್ಘಾಟನೆಗೆ ಮೊದಲು ಮುಟ್ಟಬಾರದು ಎಂದರು. ಸೋಮನಾಥ್, ಪಾರ್ಟ್ನರ್ ಆದವನು ಪೈಪ್ ಹಿಡಿದರೆ ಸ್ಟಾಫ್ ಹದ್ದುಬಸ್ತಿನಲ್ಲಿ ಇರುವುದಿಲ್ಲ ಎಂದ. ಅಷ್ಟು ಜನ ತುಂಬಿದ ಅಂಗಳದಲ್ಲಿ ಪಂಪಿನ ಆ ಪಕ್ಕ ಖಾಲಿಯೇ ಉಳಿಯಿತು. ಸಂಜೆ ಎಲ್ಲ ಹೋದ ಮೇಲೆ ವೃಷಭೇಂದ್ರಪ್ಪನವರು ಕಾರ್ಡಿನಲ್ಲಿ ಏನೋ ಬರೆದು ಒಳಗೆ ಹೋಗುತ್ತಿದ್ದರು. ಸ್ಟಾಕ್ ಬರೆಯುತ್ತಿದ್ದಾರೆ ಎಂದು ನಾನು ಅಂದುಕೊಂಡೆ.

ಅಂದುಕೊಂಡು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಎದುರಿಗೇ ಬಂಕ್ ಆದರೆ ನನ್ನ ಬಾಟಲಿಯನ್ನು ಯಾರು ಕೇಳುತ್ತಾರೆ? ಗೋಡೆಯ ಬೀಡಿ ಕ್ಯಾಲೆಂಡರಿನಲ್ಲಿ ಮಗುಚಿ ಹಾಕಿದ್ದ ಜೂನ್ ತಿಂಗಳನ್ನು ಹರಿದು, ಅದರ ಬೆನ್ನಿಗೆ ಎಡಗೈಯಲ್ಲಿ ಒಂದು ಮೂಗರ್ಜಿ ಬರೆದೆ. ಪರವಾನಗಿ ಇಲ್ಲದೆ, ಅಳತೆಗೆ ಸೀಲ್ ಇಲ್ಲದೆ ಪೆಟ್ರೋಲ್ ಮಾರಾಟ ನಡೆಯುತ್ತಿದೆ, ನೊಂದ ನಾಗರಿಕರು ಎಂದು ಬರೆದು ಅಳತೆ ತೂಕದ ಇನ್ಸ್‌ಪೆಕ್ಟರಿಗೆ ಪೋಸ್ಟ್ ಮಾಡಿದೆ. ನನ್ನ ಪೆಟ್ರೋಲಿಗೂ ಪರವಾನಗಿ ಇಲ್ಲ ಎನ್ನುವುದು ಬೇರೆ ವಿಷಯ, ಅದನ್ನು ಆ ಅರ್ಜಿಯಲ್ಲಿ ಬರೆಯುವ ಅಗತ್ಯ ಇರಲಿಲ್ಲ.

ಎಂಟನೇ ದಿನ ಇನ್ಸ್‌ಪೆಕ್ಟರ್ ಮಹೇಶ್ವರ ಅವರು ಜೀಪಿನಿಂದ ಇಳಿದರು. ಕನ್ನಡಕ, ಕೊಡೆ, ಕೈಯಲ್ಲಿ ಬಂಕಿನ ಅಳತೆ ಪರೀಕ್ಷೆ ಮಾಡುವ ಐದು ಲೀಟರಿನ ಮಾಪು. ಅಂಗಳದಲ್ಲಿ ನಲವತ್ತು ಜನ. ಇನ್ಸ್‌ಪೆಕ್ಟರು ಪಂಚನಾಮೆಗೆ ಒಬ್ಬ ಮರ್ಯಾದಸ್ಥ ಸಾಕ್ಷಿ ಬೇಕು ಎಂದು ಸುತ್ತ ನೋಡಿದಾಗ ಯಾರೋ ನನ್ನನ್ನೇ ತೋರಿಸಿದರು. ಹಾಗಾಗಿ ಆ ದಿನ ನಾನು ರಸ್ತೆ ದಾಟಿದೆ. ಸರ್ವಮಂಗಳಮ್ಮನ ಮಣ್ಣಿಗೆ ಹೋಗಿ ಬಂದ ಮೇಲೆ ಅದೇ ಮೊದಲು.

"ಯಂತ್ರ ನಡೆಸಿ ತೋರಿಸಿ," ಎಂದರು ಇನ್ಸ್‌ಪೆಕ್ಟರು.

"ಇಬ್ಬರು ಬೇಕು ಸಾರ್."

"ಪೈಪ್ ನಾನೇ ಹಿಡೀಬೇಕು. ನಮ್ಮ ಕ್ರಮವೇ ಹಂಗೆ."

ವೃಷಭೇಂದ್ರಪ್ಪನವರು ಒಂದು ಗಳಿಗೆ ಅವರ ಮುಖವನ್ನೇ ನೋಡಿದರು. ಆಮೇಲೆ ಹಿಡಿ ಹೊಡೆಯತೊಡಗಿದರು. ಗಾಜಿನ ಬುಡದಲ್ಲಿ ಕೆಂಪು ಕಾಣಿಸಿತು, ಗುಳುಗುಳು ಏರಿತು, ನಾಲ್ಕೂವರೆ ಲೀಟರಿನ ಗ್ಯಾಲನ್ ಗೆರೆ ಮುಟ್ಟಿತು. ಬಿಸಿಲು ಬಿದ್ದು ಆ ಕೆಂಪು ನೋಡಬೇಕಿತ್ತು ನೀವು. ಎಲ್ಲರೂ ಗಾಜು ನೋಡುತ್ತಿದ್ದರು. ವೃಷಭೇಂದ್ರಪ್ಪನವರು ಮಾತ್ರ ಹಿಡಿ ಹೊಡೆಯುತ್ತ, ಆ ಪಕ್ಕ ಪೈಪ್ ಹಿಡಿದು ಬಗ್ಗಿ ನಿಂತ ಇನ್ಸ್‌ಪೆಕ್ಟರನ್ನೇ ನೋಡುತ್ತಿದ್ದರು.

ಇನ್ಸ್‌ಪೆಕ್ಟರು ಅಳತೆ ನೋಡಿದರು, ಮೂಸಿದರು, ಮತ್ತೆ ಮೂಸಿದರು. ಕೊನೆಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು.

"ಮುರುಗಲು?"

"ಹೌದು ಸಾರ್. ಬಣ್ಣಕ್ಕೆ."

"ಸಕ್ಕರೆ ಹಾಕಿಲ್ಲ."

"ಇರುವೆ ಬರ್ತಾವೆ ಸಾರ್."

ಕ್ರಮದ ಪ್ರಕಾರ ಮೂರು ಸಲ ನೋಡಬೇಕು ಎಂದು ಇನ್ಸ್‌ಪೆಕ್ಟರು ಇನ್ನೂ ಎರಡು ಸಲ ಹೊಡೆಸಿದರು. ತಮ್ಮ ಸರ್ವೀಸಿನಲ್ಲಿ ಒಂದು ತೊಟ್ಟೂ ಕಮ್ಮಿ ಕೊಡದ ಪಂಪು ಇದೇ ಮೊದಲು ಎಂದರು. ಆಮೇಲೆ ಪಂಚನಾಮೆ ಬರೆದು ಗಟ್ಟಿಯಾಗಿ ಓದಿದರು. ಸದರಿ ಯಂತ್ರದ ದ್ರವವು ಕೆಂಪಗಿದ್ದು, ರುಚಿಯಲ್ಲಿ ಹುಳಿಯಾಗಿದ್ದು, ಯಾವ ವಾಹನಕ್ಕೂ ಉಪಯೋಗವಿಲ್ಲವೆಂದೂ, ಸದರಿ ಯಂತ್ರವು ಹವ್ಯಾಸಕ್ಕಿರುತ್ತದೆಂದೂ ಅದರಲ್ಲಿತ್ತು. ನಾನು ಸಾಕ್ಷಿ ಹಾಕಿದೆ, ಬಲಗೈಯಲ್ಲಿ. ಇನ್ಸ್‌ಪೆಕ್ಟರು ಹಳದಿ ಕಾರ್ಡನ್ನು ತೆಗೆದು ಓದಿದರು. ಓದಿ, ನನ್ನ ಕಡೆ ಒಮ್ಮೆ ನೋಡಿ, ಒಂದು ಸಾಲು ತುಂಬಿ ಸಹಿ ಮಾಡಿದರು. ಮೂಗರ್ಜಿಯನ್ನು ವೃಷಭೇಂದ್ರಪ್ಪನವರಿಗೆ ತೋರಿಸಿ, ಮಡಚಿ ಫೈಲಿಗೆ ಸೇರಿಸಿಕೊಂಡು ಹೋದರು.

ಅಂಗಳ ಖಾಲಿಯಾಗಲು ಹತ್ತು ನಿಮಿಷ ಹಿಡಿಯಲಿಲ್ಲ. ಎಲ್ಲರಿಗೂ ಮೋಸವಾಗಿತ್ತು. ಹವ್ಯಾಸ ಎಂದು ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಭೈರಪ್ಪ ಕತ್ತರಿ ಜೇಬಿಗೆ ಹಾಕಿಕೊಂಡು ನಡೆದರು. ವೀರಮ್ಮ ಡಬ್ಬಿ ವಾಪಸ್ ಕೇಳಿದರು, ಅದರಲ್ಲಿ ಉಳಿದಿದ್ದ ಚಟ್ನಿಪುಡಿ ಸಮೇತ. ಸೋಮನಾಥ್ ನಾಲ್ಕೂವರೆ ಬಸ್ಸಿಗೆ ಹೋದ. ಹೋಗುವಾಗ, ಅಕ್ಕ ಇದ್ದಿದ್ರೆ ಹಿಂಗಾಗ್ತಿರಲಿಲ್ಲ ಎಂದು ಹೇಳಿದ. ಅದೊಂದು ಮಾತು ನಿಜವೇ ಇತ್ತು.

ಮರುದಿನ ಬೆಳಗ್ಗೆ ವೃಷಭೇಂದ್ರಪ್ಪನವರು ಬಂದು ಬೆಂಕಿಪೊಟ್ಟಣ ಕೇಳಿದರು. ಮಾತಿನ ನಡುವೆ ಪೈಪ್ ಹಿಡಿಯಲು ಕರೆದರು. ನಾಳೆ ಎಂದೆ. ನಾಲಿಗೆಗೆ ಅಭ್ಯಾಸವಾಗಿಹೋಗಿತ್ತು.

ಹೀಗೇ ಒಂದು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಅಂಗಡಿಗೆ ಬಂದ ಗಿರಾಕಿಯೊಬ್ಬ ಎದುರು ಮನೆ ಕಡೆ ನೋಡಿ ಕಿಸಕ್ಕನೆ ನಕ್ಕ. ನಾನೂ ಬಗ್ಗಿ ನೋಡಿದೆ. ವೃಷಭೇಂದ್ರಪ್ಪನವರು ನಲ್ಲಿಗೆ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ತಮ್ಮ ಎಡಗಾಲಿಗೆ ಕಟ್ಟಿಕೊಂಡಿದ್ದರು. ಎರಡೂ ಕೈಯಲ್ಲಿ ಹಿಡಿ ಹೊಡೆಯುತ್ತ, ಗಾಜು ತುಂಬಿದಾಗ ಕಾಲೆತ್ತಿ ಹಗ್ಗ ಜಗ್ಗಬೇಕೆಂಬುದು ಉಪಾಯ. ಜಗ್ಗಿದರು. ನಲ್ಲಿ ತೆರೆಯಿತು, ಇವರು ದೊಪ್ಪನೆ ಹಿಂದಕ್ಕೆ ಬಿದ್ದರು. ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಗಬೇಕೆಂದು ಬಾಯಿ ತೆರೆದೆ.

ಅವರು ಎದ್ದು ಪಂಚೆ ಕೊಡವಿಕೊಂಡರು. ನಮ್ಮ ಕಡೆ ನೋಡಲೇ ಇಲ್ಲ. ಪಂಪನ್ನು ಸುತ್ತಿ ಆ ಪಕ್ಕಕ್ಕೆ ಹೋಗಿ, ಯಾರೂ ಹಿಡಿಯದ ಪೈಪಿನಿಂದ ಕೆಂಪು ನೀರು ಮಣ್ಣಿಗೆ ಸುರಿಯುವುದನ್ನು ನೋಡುತ್ತ ನಿಂತರು. ನನಗೆ ನಗು ಬರಲಿಲ್ಲ. ಗಿರಾಕಿಗೆ ಬೆಲ್ಲ ಆಮೇಲೆ ಎಂದು ಹೇಳಿ, ಹಾಡುಹಗಲೇ ಅಂಗಡಿಯ ಹಲಗೆ ಹಾಕಿ ರಸ್ತೆ ದಾಟಿದೆ.

ಗೇಟಿನ ಚಿಲಕದ ಸದ್ದಿಗೆ ತಿರುಗಿದರು. ಏನು ಎತ್ತ ಎಂದು ಕೇಳಲಿಲ್ಲ. ಮೊದಲು ಕಾಫಿ ಎಂದು ಒಳಗೆ ಹೊರಟವರು ಬಾಗಿಲಲ್ಲಿ ನಿಂತು, ಬೆಂಕಿಪೊಟ್ಟಣಕ್ಕೇನೂ ಕೊರತೆ ಇಲ್ಲ ಎಂದು ನಕ್ಕರು.

ನಾನು ಪಂಪಿನ ಹತ್ತಿರ ನಿಂತು ಕಾರ್ಡು ತಿರುಗಿಸಿ ನೋಡಿದೆ. ಸೆಪ್ಟೆಂಬರಿನಿಂದ ಒಂದು ದಿನವೂ ಬಿಡದೆ ಬರೆದಿದ್ದರು, ಗುಂಡನೆ ಅಕ್ಷರ. ರೀಡಿಂಗ್ ಕಾಲಮ್ಮಿನಲ್ಲಿ ಸೊನ್ನೆ. ಷರಾ ಕಾಲಮ್ಮಿನಲ್ಲಿ ಡೋರ್ ಲಾಕ್. ಕೆಳಗೆ ಡೋರ್ ಲಾಕ್. ಅದರ ಕೆಳಗೂ ಡೋರ್ ಲಾಕ್. ಅಂಗಳ ತುಂಬ ಜನ ಕಾಫಿ ಕುಡಿದ ದಿನಗಳಿಗೂ ಅದೇ. ನಡುವೆ ಒಂದೇ ಒಂದು ಸಾಲಿನಲ್ಲಿ ಮೂರು ಗ್ಯಾಲನ್, ಇನ್ಸ್‌ಪೆಕ್ಟರ ಸಹಿ. ಆಮೇಲೆ ಮತ್ತೆ ಡೋರ್ ಲಾಕ್, ನಿನ್ನೆಯ ತನಕ.

ಕಾಫಿ ತಂದರು. ನಾನು ಲೋಟ ಹಿಡಿದುಕೊಂಡು, "ನನ್ನ ಅಂಗಡಿ ದಿನಾ ತೆಗೆದೇ ಇತ್ತಲ್ಲ ಮಾರಾಯ್ರೆ," ಎಂದೆ.

ನಾನು ಮೂಗರ್ಜಿಯ ವಿಷಯ ತೆಗೆಯಬೇಕೆಂದು, ಒಂದು ಮಾತು ಹೇಳೋದಿತ್ತು ಎಂದು ಶುರುಮಾಡಿದೆ.

"ಗೊತ್ತು. ನಿಮ್ಮ ಕ್ಯಾಲೆಂಡರಲ್ಲಿ ಜೂನ್ ಇಲ್ಲ," ಎಂದರು. ಆಮೇಲೆ, "ಒಳ್ಳೇದಾಯ್ತು ಬಿಡಿ. ಅದರ ದೆಸೆಯಿಂದ ಪೈಪ್ ಹಿಡಿಯೋಕೆ ಒಬ್ಬರು ಬಂದ್ರು," ಎಂದರು.

ಲೋಟ ಕೆಳಗಿಟ್ಟು ಆ ಪಕ್ಕಕ್ಕೆ ಹೋದೆ. ಹಗ್ಗ ಬಿಚ್ಚಿ ಎಸೆದೆ. ಪೈಪ್ ಹಿಡಿದು, ಹೂಂ, ಹೊಡೀರಿ ಎಂದೆ. ಹಿಡಿ ಕಿರುಗುಟ್ಟಿತು, ಗಾಜಿನಲ್ಲಿ ಕೆಂಪು ಏರಿತು, ನಾನು ನಲ್ಲಿ ತಿರುಗಿಸಿದೆ. ಪೈಪು ಕೈಯಲ್ಲಿ ತಣ್ಣಗೆ ನಡುಗುತ್ತಿತ್ತು. ಗಾಜಿನ ಆಚೆಯಿಂದ ಅವರ ಮುಖ ಕೆಂಪಗೆ ಕಾಣುತ್ತಿತ್ತು. ಒಂದು ಸಲ ಆದ ಮೇಲೆ ಇನ್ನೊಂದು ಸಲ ಎಂದರು. ಸಂಜೆ ಬಸ್ಸು ಹೋಗುವ ತನಕ ಅದೇ ಮಾಡಿದೆವು. ಎದುರಿಗೆ ಯಾರೋ ನನ್ನ ಅಂಗಡಿಯ ಹಲಗೆ ಬಡಿದು ಕೂಗಿ ವಾಪಸ್ ಹೋದರು.

ಕೊನೆಗೆ ಅವರು ಪೆನ್ಸಿಲ್ ತೆಗೆದು ಕಾರ್ಡು ಬರೆದರು. ದಿನಾಂಕ ಹಾಕಿದರು. ರೀಡಿಂಗ್ ಹನ್ನೊಂದು ಗ್ಯಾಲನ್ ಎಂದು ಹಾಕಿದರು. ಷರಾ ಕಾಲಮ್ಮಿಗೆ ಬಂದಾಗ ಪೆನ್ಸಿಲ್ ನಿಂತಿತು. ಮೂವತ್ತೊಂದು ವರ್ಷ ಬಾಗಿಲು ತೆಗೆದ ಮನೆಗಳಿಗೆ ಆ ಕಾಲಮ್ಮಿನಲ್ಲಿ ಏನನ್ನೂ ಬರೆಯುವ ಕ್ರಮ ಇರಲಿಲ್ಲವಂತೆ. ಆಮೇಲೆ ಒಂದು ಶಬ್ದ ಬರೆದು, ಸಹಿ ಮಾಡಲು ಕಾರ್ಡನ್ನು ನನ್ನ ಕಡೆ ತಿರುಗಿಸಿದರು.

'ಇದ್ದರು' ಎಂದಿತ್ತು.